ನಾಗಿಯ ದುಡಿಮೆ ಯಾರ ಲೆಕ್ಕಕ್ಕೆ?

(ಒಬ್ಬಾಕೆ ರಾಯಚೂರು ಕಡೆಯವರು, ಹೈದರಾಬಾದಿಗೆ ಮದುವೆಯಾಗಿ ಬಂದು ಕಾಚಿಗುಡಾ ಸುತ್ತಮುತ್ತ ಕನ್ನಡ ಕಲಿಸಿ ನಿವೃತ್ತರಾದವರು. ಇನ್ನೊಬ್ಬ ಸಾಗರದ ಹುಡುಗ. ಕೃಷ್ಣಾನಗರದಲ್ಲಿ ಬಾಡಿಗೆ ಕೋಣೆ, ಸಿನಿಮಾಗಳಿಗೆ ಧ್ವನಿ ಜೋಡಿಸುವ ಕೆಲಸ. ಭಾನುವಾರ ಆಕೆಯ ಮನೆಯಲ್ಲಿ ನಡೆದ ಮಾತು.)

– ಅಕ್ಕೋರೆ, ನಿಮ್ಮ ನಟಿ ಸೌಂದರ್ಯ ಬಗ್ಗೆ ಇನ್ನೊಂದು ವಿಡಿಯೊ ಬಂದಿದೆ. ‘ಸಾವಿನ ಹಿಂದಿನ ರಹಸ್ಯ’ ಅಂತ. ಲಕ್ಷಗಟ್ಟಲೆ ಜನ ನೋಡಿದ್ದಾರೆ.

– ಬಂದ್ ಮಾಡು ಅದನ್ನ. ಇಪ್ಪತ್ತು ವರ್ಷ ದಾಟಿದ್ರೂ ಮಂದಿಗೆ ಆ ಒಂದು ಮುಂಜಾನಿ ಸಾಕಾಗವಲ್ದು. 2004ರ ಏಪ್ರಿಲ್ 17. ಕರೀಂನಗರಕ್ಕ ಚುನಾವಣಾ ಪ್ರಚಾರಕ್ಕ ಹೊಂಟಿದ್ಳು. ಬೆಂಗಳೂರಿನ ಜಕ್ಕೂರಿನಿಂದ ಸಣ್ಣ ವಿಮಾನ ಎದ್ದಿತು, ಎದ್ದ ಸ್ವಲ್ಪ ಹೊತ್ತಿಗೇ ಬಿತ್ತು. ಆಕಿ ಜೋಡಿ ಒಡಹುಟ್ಟಿದವನೂ ಹೋದ. ಇದರಾಗ ರಹಸ್ಯ ಏನದ?

– 2025ರ ಮಾರ್ಚ್‌ನಲ್ಲಿ ಖಮ್ಮಂನಲ್ಲಿ ಯಾರೋ ದೂರು ಕೊಟ್ಟಿದ್ದರಲ್ಲ, ಅದು ಅಪಘಾತವೇ ಅಲ್ಲ ಅಂತ.

– ಕೊಟ್ರು. ಆಕಿ ಗಂಡನೇ ಮುಂದ ಬಂದು ಆ ದೂರಿನಾಗಿನ ಆಸ್ತಿ ಜಗಳದ ಸುದ್ದಿ ಸುಳ್ಳು ಅಂತ ಹೇಳಿಕಿ ಕೊಟ್ರು. ದೂರು ಮುಟ್ಟಿದಷ್ಟು ದೂರ ಆ ಹೇಳಿಕಿ ಮುಟ್ಟಲಿಲ್ಲ. ನನಗ ಸಿಟ್ಟು ಬರೋದು ಎಲ್ಲಿ ಗೊತ್ತೇನು? ಆಕಿ ಹೆಂಗ ಸತ್ತಳು ಅಂತ ಕೇಳಿದ್ರ ಆಟೋದವನೂ ಹೇಳ್ತಾನ. ಆಕಿ ಏನು ಮಾಡಿದಳು ಅಂತ ಕೇಳಿದ್ರ, ‘ಅಮ್ಮೋರು’ ಅಂತಾರ, ‘ಆಪ್ತಮಿತ್ರ’ ಅಂತಾರ, ಮುಂದ ಮಾತಿಲ್ಲ. 1992ರಿಂದ 2004ರ ತನಕ, ಬರೇ ಹನ್ನೆರಡು ವರ್ಷ. ಅಷ್ಟರಾಗ ಐದು ಭಾಷಾದಾಗ ದುಡಿದ ಹೆಣ್ಣುಮಗಳು ಆಕಿ.

– ನೀವು ಅಭಿಮಾನಿ, ನಿಮಗೆ ಹಾಗನ್ನಿಸುತ್ತೆ. ಸತ್ತವರನ್ನು ಜನ ನೆನಪಿಟ್ಟುಕೊಳ್ಳೋದೇ ದೊಡ್ಡದು. ನೆಪ ಯಾವುದಾದರೇನು?

– ನೆಪ ಯಾವುದು ಅನ್ನೋದರ ಮ್ಯಾಲೇ ಎಲ್ಲಾ ಅದ ತಮ್ಮಾ. ನಾ ಆಕಿ ಅಭಿಮಾನಿ ಆದದ್ದು ಹೆಂಗ ಹೇಳ್ತೀನಿ ಕೇಳು. 1995ರಾಗ ‘ಅಮ್ಮೋರು’ ಬಂತು. ಆರ್‌ಟಿಸಿ ಕ್ರಾಸ್ ರೋಡ್ಸ್‌ನಾಗ ಜಾತ್ರಿ ಹಂಗ ಮಂದಿ. ಎಲ್ಲಾರೂ ಮಾತಾಡಿದ್ದು ಗ್ರಾಫಿಕ್ಸ್ ಬಗ್ಗೆ, ದೇವಿ ಮೈಮ್ಯಾಲ ಬರೋದರ ಬಗ್ಗೆ. ನಾ ನೋಡಿದ್ದು ಆ ಸೊಸಿ ಮಾರಿ. ಹೆದರಿದ ಹೆಣ್ಣುಮಗಳನ್ನ ಹೆದರಿದಂಗ ಮಾಡೋದು ಸರಳ. ಹೆದರಿಕಿ ಮುಚ್ಚಿಟ್ಟಿದ್ದು ಕಾಣೋ ಹಂಗ ಮಾಡೋದು ಸರಳಲ್ಲ. ಮರುದಿನ ಸ್ಟಾಫ್ ರೂಮಿನಾಗ ನಮ್ಮ ತೆಲುಗು ಟೀಚರ್ ‘ಮಾ ಸೌಂದರ್ಯ, ಮಳ್ಳಿ ಸಾವಿತ್ರಿ’ ಅಂದಳು, ನಮ್ಮ ಸೌಂದರ್ಯ ಮತ್ತ ಬಂದ ಸಾವಿತ್ರಿ ಅಂತ. ನಾ ಅಂದೆ, ಆಕಿ ನಮ್ಮ ಮುಳಬಾಗಿಲ ಕಡಿ ಹುಡುಗಿ. ಜಗಳ ಹತ್ತಿತು. ಆ ಜಗಳ ರಿಟೈರ್ಡ್ ಆಗೋ ತನಕ ಮುಗೀಲಿಲ್ಲ.

– ನಟಿ ಸಾವಿತ್ರಿಗೆ ಹೋಲಿಸೋದು ಇಲ್ಲಿ ಸಣ್ಣ ಮಾತಲ್ಲ.

– ಅಲ್ಲೇ ಅಲ್ಲ. ಇಲ್ಲಿ ಸಾವಿತ್ರಿ ಅಂದ್ರ ಕೈ ಮುಗೀತಾರ. ಹೊರಗಿನಿಂದ ಬಂದ ಹುಡುಗಿಗೆ ಅವರು ಆ ಹೆಸರು ಕೊಟ್ರು ಅಂದ್ರ ಆಕಿನ ಮನಿಯೊಳಗ ಕರಕೊಂಡರು ಅಂತ ಅರ್ಥ.

– ಒಂದು ಮಾತು ಹೇಳಲಾ? ಬೇಜಾರು ಮಾಡ್ಕೋಬಾರದು. ನೀವು ನೋಡಿದ್ದು ಮುಖ. ಕೇಳಿದ್ದು ಬೇರೆಯವರ ಧ್ವನಿ. ತೆಲುಗಿನ ಎಷ್ಟೋ ಚಿತ್ರಗಳಲ್ಲಿ ಸೌಂದರ್ಯಗೆ ಡಬ್ಬಿಂಗ್ ಮಾಡಿದ್ದು ಸರಿತಾ. ನಮ್ಮ ‘ಹೊಸ ಬೆಳಕು’ ಸರಿತಾ. ಹಿಂದಿಯ ‘ಸೂರ್ಯವಂಶಂ’ ಟೀವಿಯಲ್ಲಿ ಇವತ್ತಿಗೂ ಬರ್ತಾನೇ ಇರುತ್ತಲ್ಲ, ಅದರಲ್ಲಿ ಸೌಂದರ್ಯ ಬಾಯಲ್ಲಿ ಬರೋದು ರೇಖಾ ಧ್ವನಿ. ಅದೇ ಚಿತ್ರದಲ್ಲಿ ಜಯಸುಧಾಗೂ ರೇಖಾನೇ. ಅಭಿಮಾನಿ ಕೈ ಮುಗಿದಿದ್ದು ಯಾರಿಗೆ ಹಾಗಾದರೆ?

– ಗೊತ್ತದ ನನಗ. ಸರಿತಾ ಧ್ವನಿ ಗುರುತು ಹಿಡೀಲಾರದಷ್ಟು ಕಿವುಡಿ ಅಲ್ಲ ನಾ. ನೀ ಹೇಳು, ನಿನ್ನ ಕಸಬು ಅದು. ಒಂದು ಮಾರಿ, ಒಂದು ಧ್ವನಿ, ಎರಡು ಮಂದಿದು. ನಡುವ ಬಿರುಕು ಯಾಕ ಕಾಣೋದಿಲ್ಲ?

– ಕಾಣಬಾರದು ಅಂತ ಒಬ್ಬರು ಕತ್ತಲ ಕೋಣೆಯಲ್ಲಿ ನಿಂತು ದುಡಿದಿರ್ತಾರೆ. ದೃಶ್ಯದ ಒಂದು ತುಂಡನ್ನ ಮತ್ತೆ ಮತ್ತೆ ಓಡಿಸ್ತೀವಿ. ತುಟಿ ಎಲ್ಲಿ ಮುಚ್ಚುತ್ತೆ, ಎಲ್ಲಿ ಉಸಿರು ಒಳಗೆ ಹೋಗುತ್ತೆ ಅಂತ ನೋಡ್ತಾರೆ. ತುಟಿಗೆ ಮಾತು ಕೂರಿಸೋದನ್ನ ಸ್ವಲ್ಪ ದಿನದಲ್ಲಿ ಯಾರು ಬೇಕಾದರೂ ಕಲಿತಾರೆ. ಉಸಿರು ಕೂರಿಸೋದು ಕಷ್ಟ. ನಟಿ ಅಳೋಕೆ ಮುಂಚೆ ಒಂದು ಸಲ ಮೂಗಿನಲ್ಲಿ ಉಸಿರು ಎಳೆದಿದ್ದರೆ ಮೈಕ್ ಮುಂದೆ ನಿಂತವರೂ ಅದನ್ನ ಎಳೀಬೇಕು. ಸುಮ್ಮನೆ ಎಳೆದರೆ ಸಾಲದು, ಅದೇ ಕಾರಣಕ್ಕೆ ಎಳೀಬೇಕು. ಒಳ್ಳೆಯ ಡಬ್ಬಿಂಗ್ ಕಲಾವಿದೆ ಆ ನಟನೆಯನ್ನ ಅರ್ಥ ಮಾಡಿಕೊಂಡ ಮೊದಲ ಪ್ರೇಕ್ಷಕಿ. ಅಂಥವರ ಹೆಸರು ಪೋಸ್ಟರ್‌ನಲ್ಲಿ ಇರಲ್ಲ.

– ಹಂಗಾದ್ರ ಆಕಿನೂ ಅಭಿಮಾನಿನೇ ಅನ್ನು. ನನಗಿಂತ ಒಂದು ಕೈ ಹೆಚ್ಚಿನ ಅಭಿಮಾನಿ.

– ಸಂಬಳ ತಗೊಳ್ಳೋ ಅಭಿಮಾನಿ.

– ತಗೊಳ್ಳಲಿ. ನಾನೂ ಸಂಬಳ ತಗೊಂಡೇ ಕುಮಾರವ್ಯಾಸನ್ನ ಕಲಿಸಿದ್ದು.

– ಎಸ್‌ಪಿಬಿ ನೆನಪಾಗ್ತಾರೆ ಇದಕ್ಕೆ. ಅವರನ್ನ ಎಲ್ಲರೂ ಗಾಯಕ ಅಂತಲೇ ನೆನೆಯೋದು. ನಮ್ಮ ಕೋಣೆಯಲ್ಲಿ ಹಳಬರು ಅವರನ್ನ ನೆನೆಯೋದು ಡಬ್ಬಿಂಗ್‌ಗೆ. ‘ಅನ್ನಮಯ್ಯ’ದಲ್ಲಿ ತಿಮ್ಮಪ್ಪನ ಪಾತ್ರದಲ್ಲಿ ನಿಂತಿದ್ದು ಸುಮನ್, ತುಳು ಮನೆತನದವರು. ತಿಮ್ಮಪ್ಪನ ಮಾತು ಎಸ್‌ಪಿಬಿಯದ್ದು. ಇಲ್ಲಿನ ಜನ ಆ ಧ್ವನಿ ಕೇಳಿ ಥಿಯೇಟರಿನಲ್ಲೇ ಗೋವಿಂದಾ ಅಂದಿದ್ದಾರೆ. ತೆಲುಗು ‘ಗಾಂಧಿ’ಯಲ್ಲಿ ಬೆನ್ ಕಿಂಗ್‌ಸ್ಲಿಗೂ ಅವರೇ. ದೇವರಿಗೂ ಗಾಂಧಿಗೂ ಒಂದೇ ಗಂಟಲು, ಆದರೂ ಒಂದರ ಹಾಗೆ ಇನ್ನೊಂದಿಲ್ಲ.

– ನಮಗ ಅವರು ಮೊದಲು ವಿಷ್ಣುವರ್ಧನ್ ಗಂಟಲು. ಆಮ್ಯಾಲ ಈಟೀವಿ ಕನ್ನಡದಾಗ ‘ಎದೆ ತುಂಬಿ ಹಾಡುವೆನು’. ಅದರಾಗ ಸಣ್ಣ ಹುಡುಗರು ಶ್ರುತಿ ತಪ್ಪಿದ್ರ ಅವರು ಬೈದದ್ದು ನಾ ನೋಡಿಲ್ಲ. ಹಾಡಿನ ಸಾಹಿತ್ಯ ಬರೆದವರು ಯಾರು ಅಂತ ಕೇಳೋರು. ಹುಡುಗರಿಗೆ ಗೊತ್ತಿಲ್ಲಂದ್ರ ತಾವೇ ಹೇಳೋರು. ಹಾಡಿನ ಹಿಂದ ಎಷ್ಟು ಮಂದಿ ಅದಾರ ಅಂತ ಹುಡುಗರಿಗೆ ಕಲಿಸಿದ್ರು ನೋಡು, ಅದು ನನಗ ಸೇರಿತು. ಮಾಸ್ತರಕಿ ಅಂದ್ರ ಅದು. 2020ರ ಸೆಪ್ಟೆಂಬರ್ 25ಕ್ಕ ಅವರು ಹೋದಾಗ ಹೊರಗ ಹೋಗಿ ಅಳಲಾಕೂ ಆಗಲಿಲ್ಲ, ಕೊರೊನಾ ಕಾಲ.

– ಈಗ ಅವರ ಧ್ವನಿಯನ್ನ ಯಂತ್ರ ಹಾಡಬಲ್ಲದು ಅಕ್ಕೋರೆ. ಇದೇ ಊರಿನಲ್ಲಿ ಆಗಿದೆ. 2023ರಲ್ಲಿ ಬಂದ ‘ಕೀಡಾ ಕೋಲಾ’ ಅನ್ನೋ ತೆಲುಗು ಚಿತ್ರದಲ್ಲಿ ಎಸ್‌ಪಿಬಿ ಧ್ವನಿಯನ್ನ ಹಾಗೆ ಸೃಷ್ಟಿಸಿ ಬಳಸಿದ್ದಾರೆ, ನಮ್ಮನ್ನ ಕೇಳಲಿಲ್ಲ ಅಂತ ಅವರ ಮಗ ಚರಣ್ ಲೀಗಲ್ ನೋಟಿಸ್ ಕಳಿಸಿದರು. ಅದೇ ಸುಮಾರಿಗೆ ರೆಹಮಾನ್ ‘ಲಾಲ್ ಸಲಾಂ’ಗೆ ತೀರಿಹೋದ ಇಬ್ಬರು ಗಾಯಕರ ಧ್ವನಿ ಬಳಸಿದರು. ಮನೆಯವರ ಒಪ್ಪಿಗೆ ಪಡೆದೆವು, ಹಣ ಕೊಟ್ಟೆವು ಅಂತ ಹೇಳಿದರು.

– ಕೇಳಿ ಮಾಡೋದು, ಕೇಳದೇ ಮಾಡೋದು, ಎರಡಕ್ಕೂ ಫರಕ್ ಅದ, ಒಪ್ಪಿದೆ. ಆದ್ರ ಕೇಳಿ ಮಾಡಿದ್ರೂ ಅದು ಎಸ್‌ಪಿಬಿ ಹಾಡಿದಂಗ ಆಯ್ತೇನು?

– ಇಲ್ಲ. ಆದರೆ ಕಾರಣ ಹೇಳು ಅಂದರೆ ಹೇಳೋದು ಕಷ್ಟ. ಕಿವಿಗೆ ಅದೇ ಧ್ವನಿ. ಯಂತ್ರ ಅವರು ಹಾಡಿದ್ದನ್ನೆಲ್ಲ ಕೇಳಿ ಆ ಧ್ವನಿಯ ಮೈಬಣ್ಣ ಕಲಿಯುತ್ತೆ. ಈ ಸಾಲಿನಲ್ಲಿ ನಗು ಸೇರಿಸಬೇಕಾ, ಈ ಅಕ್ಷರ ಒತ್ತಬೇಕಾ ಬೇಡವಾ ಅಂತ ಹೊಸ ಸಾಲಿನ ಮುಂದೆ ನಿಂತು ಅವರು ಮಾಡುತ್ತಿದ್ದ ತೀರ್ಮಾನವಿದೆಯಲ್ಲ, ಅದು ಮಾಡುವವರು ಇಲ್ಲ. ಇನ್ಯಾರೋ ಹಾಡಿರ್ತಾರೆ, ಅದರ ಮೇಲೆ ಇವರ ಧ್ವನಿ ಹೊದಿಸಿರ್ತೇವೆ. ತೀರ್ಮಾನ ಆ ಇನ್ಯಾರದ್ದೋ.

– ‘ಜೇಮ್ಸ್’ನಾಗ ಪುನೀತ್‌ಗೆ ಶಿವಣ್ಣ ಮಾತಾಡಿದ್ರಲ್ಲ, ಅದು?

– ಅದು ಬೇರೆ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದರು, ಡಬ್ಬಿಂಗ್ ಬಾಕಿ ಇತ್ತು. ಮುಂದಿನ ಮಾರ್ಚ್ 17ಕ್ಕೆ, ಅವರ ಹುಟ್ಟುಹಬ್ಬಕ್ಕೆ, ಚಿತ್ರ ಬಂದಾಗ ತಮ್ಮನ ಬಾಯಿಗೆ ಅಣ್ಣನ ಮಾತು. ಆಮೇಲೆ ತಂತ್ರಜ್ಞಾನದ ಸಹಾಯದಿಂದ ಪುನೀತ್ ಧ್ವನಿಯನ್ನೇ ಹೊಂದಿಸಿ ಇನ್ನೊಂದು ಪ್ರತಿ ಬಿಟ್ಟರು. ಕೆಲಸದ ದೃಷ್ಟಿಯಿಂದ ಎರಡನೆಯದು ದೊಡ್ಡ ಸಾಧನೆ. ಆದರೆ ನನ್ನನ್ನ ಕೇಳಿದರೆ ನಾನು ಮೊದಲನೆಯದನ್ನೇ ಇಟ್ಟುಕೊಳ್ತೀನಿ. ತುಟಿಗೂ ಮಾತಿಗೂ ಅಲ್ಲಲ್ಲಿ ಹೊಂದಲ್ಲ. ತಮ್ಮ ಇಲ್ಲ ಅನ್ನೋದು ಅಲ್ಲಿ ಕೇಳಿಸುತ್ತೆ.

– ನಿನಗ ಯಾಕ ಇಷ್ಟು ಖಾತ್ರಿ?

– ಅಪ್ಪನ ಕಾರಣಕ್ಕೆ. ಅಪ್ಪ ಸಾಗರದಲ್ಲಿ ಆಟೋ ಓಡಿಸ್ತಿದ್ದರು, ಹಿಂದೆ ಶಂಕರ್‌ನಾಗ್ ಚಿತ್ರ. ಕೊರೊನಾ ಎರಡನೇ ಅಲೆಯಲ್ಲಿ ತೀರಿಕೊಂಡರು. ಫೋನಿನಲ್ಲಿ ಅವರು ಕಳಿಸಿದ ವಾಯ್ಸ್ ಮೆಸೇಜುಗಳಿವೆ. ಊಟ ಆಯ್ತಾ, ದುಡ್ಡು ಬಂತಾ, ಬಾಳೆಗೊನೆ ಕಳಿಸ್ಲಾ, ಇಂಥವೇ. ಹಿಂದೆ ಕೆಲಸ ಮಾಡ್ತಿದ್ದ ಕಡೆ ಒಬ್ಬ, ಇದನ್ನ ಕೊಡು, ನಿಮ್ಮಪ್ಪ ಏನು ಹೇಳಬೇಕೋ ಹೇಳಿಸ್ತೀನಿ ಅಂದ. ಒಳ್ಳೆ ಮನಸ್ಸಿನಿಂದಲೇ ಅಂದ. ನಾನು ಕೊಡಲಿಲ್ಲ. ನಾನೇ ಬರೆದ ಮಾತನ್ನ ಅಪ್ಪನ ಬಾಯಲ್ಲಿ ಹೇಳಿಸಿ ನಾನೇ ಕೇಳಿಸ್ಕೊಂಡು ಏನು ಮಾಡಲಿ?

– ಕೊಡದೇ ಇದ್ದದ್ದು ಛಲೋ ಮಾಡಿದಿ. ಚಹಾ ತಗೋ, ಆರಲಾಕತ್ತದ.

– ಆದರೂ ಒಂದು ಕೇಳ್ತೀನಿ. ಬಾಲಕೃಷ್ಣ ‘ನರ್ತನಶಾಲ’ ಶುರು ಮಾಡಿದ್ದರಲ್ಲ, ಸೌಂದರ್ಯ ದ್ರೌಪದಿ. ಆಕೆ ಹೋದಮೇಲೆ ಚಿತ್ರ ನಿಂತಿತು. ಚಿತ್ರೀಕರಣ ಆಗಿದ್ದಷ್ಟನ್ನ, ಹದಿನೇಳು ನಿಮಿಷ, 2020ರ ದಸರಾ ಹೊತ್ತಿಗೆ ಬಿಡುಗಡೆ ಮಾಡಿದರು. ಅದನ್ನ ನೀವು ನೋಡಿದಿರಾ?

– ನೋಡಿದೆ. 1963ರ ‘ನರ್ತನಶಾಲ’ದಾಗ ದ್ರೌಪದಿ ಯಾರಾಗಿದ್ರು? ಸಾವಿತ್ರಿ. ಎನ್‌ಟಿಆರ್ ಬೃಹನ್ನಳೆ, ಎಸ್.ವಿ. ರಂಗಾರಾವ್ ಕೀಚಕ. ಇಷ್ಟು ವರ್ಷ ಸಾವಿತ್ರಿ ಹಂಗ ಅನಿಸಿಕೊಂಡಾಕಿಗೆ ಸಾವಿತ್ರಿ ಮಾಡಿದ ಪಾತ್ರನೇ ಕೈಗೆ ಬಂದಿತ್ತು. ಹೋಲಿಕಿ ಖರೇನೋ ಸುಳ್ಳೋ ಅಂತ ಆಕಿನೇ ತೋರಿಸಬೇಕಿತ್ತು. ಹದಿನೇಳು ನಿಮಿಷದಾಗ ಅದು ಗೊತ್ತಾಗೋದಿಲ್ಲ. ಬಿಡುಗಡೆ ಮಾಡಿದ್ದಕ್ಕ ನನ್ನ ತಕರಾರಿಲ್ಲ, ಆಕಿ ಮಾಡಿದ್ದೇ ಅದು, ಬ್ಯಾರೆ ಯಾರೂ ಮಾಡಿದ್ದಲ್ಲ. ಅರ್ಧಕ್ಕ ನಿಂತದ್ದನ್ನ ಅರ್ಧಕ್ಕೇ ನಿಲ್ಲಿಸಿ ತೋರಿಸಿದ್ರು. ಸರಿ ಅದ.

– ‘ಆಪ್ತಮಿತ್ರ’ ಬಿಡುಗಡೆಯಾಗಿದ್ದೂ ಆಕೆ ಹೋದಮೇಲೇ. ಆಗಸ್ಟ್‌ನಲ್ಲಿ. ನಮ್ಮೂರಲ್ಲಿ ಆಗಿಂದಲೇ ಒಂದು ಮಾತಿದೆ. ನಾಗವಲ್ಲಿ ಪಾತ್ರ ಮಾಡಿದ್ದಕ್ಕೇ ಹೀಗಾಯ್ತು ಅಂತ. ವಿಷ್ಣುವರ್ಧನ್ 2009ರ ಡಿಸೆಂಬರ್ 30ಕ್ಕೆ ಹೋದರು, ಅದರ ಮುಂದುವರಿಕೆ ‘ಆಪ್ತರಕ್ಷಕ’ ಬಂದಿದ್ದು ಮುಂದಿನ ಫೆಬ್ರವರಿಯಲ್ಲಿ. ಆಗಂತೂ ಮಾತು ಗಟ್ಟಿಯಾಯ್ತು. ನಾನು ನಂಬಲ್ಲ, ಆದರೆ ಒಂದು ಕ್ಷಣ ಮೈ ಜುಂ ಅನ್ನುತ್ತೆ.

– ಅದೇ ಕತಿ ಮಲಯಾಳದಾಗ ‘ಮಣಿಚಿತ್ರತ್ತಾಳ್’ ಆಗಿ 1993ರಾಗೇ ಬಂದಿತ್ತು, ತಮಿಳಿನಾಗ ‘ಚಂದ್ರಮುಖಿ’ ಆಯ್ತು. ಅಲ್ಲಿ ಆ ಪಾತ್ರ ಮಾಡಿದ ಶೋಭನಾ, ಜ್ಯೋತಿಕಾ ಇಬ್ಬರೂ ಗಟ್ಟಿಮುಟ್ಟ ಅದಾರ. ನಾಗವಲ್ಲಿಗೆ ಕನ್ನಡದವರ ಮ್ಯಾಲೇ ಸಿಟ್ಟೇನು? ಅಷ್ಟೂ ಅಲ್ಲದ, ಆ ಚಿತ್ರದ ಕತಿ ಹೇಳೋದೇ ಅಲ್ಲಿ ದೆವ್ವ ಇಲ್ಲ, ಮನಸ್ಸಿನ ರೋಗ ಅದ ಅಂತ. ನೋಡಿದವರು ಹೊರಗ ಬಂದು ದೆವ್ವದ ಕತಿ ಕಟ್ಟಿದ್ರು. ಇದಕ್ಕೇ ನನಗ ‘ದ್ವೀಪ’ ನೆನಪಾಗ್ತದ.

– ‘ದ್ವೀಪ’ಕ್ಕೂ ಇದಕ್ಕೂ ಏನು ಸಂಬಂಧ?

– ನೀ ಸಾಗರದಾವ. ನೀನೇ ಹೇಳಬೇಕಿತ್ತು. ಕತಿ ನೆನಪದ ಇಲ್ಲೋ?

– ಇದೆ. ಅಣೆಕಟ್ಟಿನ ನೀರು ಏರ್ತಾ ಬರುತ್ತೆ. ಊರವರೆಲ್ಲ ಪರಿಹಾರ ತಗೊಂಡು ಹೋಗ್ತಾರೆ. ಗಣಪ, ಅವನ ಹೆಂಡತಿ ನಾಗಿ, ಮುದುಕ ದುಗ್ಗಜ್ಜ ಉಳೀತಾರೆ. ಸೀತಾಪರ್ವತ ದ್ವೀಪವಾಗುತ್ತೆ. ಅವಿನಾಶ್ ಗಣಪ, ವಾಸುದೇವ ರಾವ್ ದುಗ್ಗಜ್ಜ, ಸೌಂದರ್ಯ ನಾಗಿ. ಚಿತ್ರದ ತುಂಬ ಮಳೆ. ನಮ್ಮ ಕಡೆಯ ಮಳೆಯ ಸದ್ದನ್ನ ಅಷ್ಟು ಸರಿಯಾಗಿ ಹಿಡಿದ ಚಿತ್ರ ಇನ್ನೊಂದಿಲ್ಲ. ಹಂಚಿನ ಮೇಲೆ ಬೀಳೋ ಮಳೆ ಬೇರೆ, ಅಡಿಕೆ ಸೋಗೆ ಮೇಲೆ ಬೀಳೋದು ಬೇರೆ.

– ಕಡೀಕ ಏನಾಗ್ತದ?

– ನೀರು ಇಳಿಯುತ್ತೆ. ಅವರು ಉಳ್ಕೋತಾರೆ.

– ಹೆಂಗ ಉಳಕೊಂಡ್ರು? ಮಳಿಯೊಳಗ, ಹುಲಿ ಹೆದರಿಕಿಯೊಳಗ, ಗಂಡ ಕೈಚೆಲ್ಲಿ ಕೂತಾಗ ನಿಂತು ಗೇಯ್ದಾಕಿ ನಾಗಿ. ಮುಂಜಾನಿ ಎದ್ದು ಗಣಪ ಏನಂತಾನ? ದೇವರು ಕಾಪಾಡಿದ ಅಂತಾನ. ಹಣೆಬರಹ ಛಲೋ ಇತ್ತು ಅಂತಾನ. ನಾಗಿ ಹೆಸರು ಅವನ ಬಾಯಾಗ ಬರೂದಿಲ್ಲ. ಆಕಿ ದುಡಿಮೆ ಎಲ್ಲಾ ದೇವರ ಲೆಕ್ಕಕ್ಕ ಜಮಾ. ಆಗ ಸೌಂದರ್ಯ ಮಾರಿ ನೋಡಿದಿಯೇನು? ಅಳು ಇಲ್ಲ, ಸಿಟ್ಟು ಇಲ್ಲ. ಬದುಕಿ ಉಳಿದ ಮ್ಯಾಲ ಒಳಗ ಏನೋ ಕಡಿದು ಬಿದ್ದಂಗ. ಈಗ ಹೇಳು. ಆಕಿ ಸತ್ತ ಮ್ಯಾಲ ನಾವು ಏನು ಮಾಡಿದ್ವಿ? ಗಣಪ ಮಾಡಿದ್ದನ್ನೇ ಮಾಡಿದ್ವಿ. ಹನ್ನೆರಡು ವರ್ಷದ ಕೆಲಸ ಬಿಟ್ಟು ಶಾಪ, ವಿಧಿ, ನಾಗವಲ್ಲಿ ಅಂದ್ವಿ.

– ಇದನ್ನ ನಾನು ಯೋಚಿಸಿರಲಿಲ್ಲ.

– ಇನ್ನೊಂದು ಕೇಳು. ಆ ಚಿತ್ರಕ್ಕ ರೊಕ್ಕ ಹಾಕಿದ್ದೂ ಆಕಿನೇ. ಆಗ ತೆಲುಗಿನಾಗ ಆಕಿ ಕೈತುಂಬ ಕೆಲಸ. ಹೀರೋ ಜೋಡಿ ಹಾಡು ಕುಣಿದು ಗಳಿಸಿದ್ದನ್ನ ತಂದು ಗಿರೀಶ ಕಾಸರವಳ್ಳಿ ಕೈಗೆ ಕೊಟ್ಟಳು. 2001ರ ಸಾಲಿನ ಸ್ವರ್ಣಕಮಲ ‘ದ್ವೀಪ’ಕ್ಕ ಬಂತು. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’ ಆದ ಮ್ಯಾಲ ಕಾಸರವಳ್ಳಿಯವರಿಗೆ ಅದು ನಾಲ್ಕನೆಯದು. ಛಾಯಾಗ್ರಹಣಕ್ಕ ರಾಮಚಂದ್ರ ಅವರಿಗೆ ಬಂತು. ನಾಯಕಿ ಅಂತಷ್ಟೇ ಆಕಿನ ನೆನೆಯೋರು ಇದನ್ನ ಎಲ್ಲಿ ಇಡ್ತಾರ?

– ಆದರೆ ಅಕ್ಕೋರೆ, ನೀವು ಜನರ ಮೇಲೆ ಸ್ವಲ್ಪ ಜಾಸ್ತಿ ಗರಂ ಆಗ್ತಿದ್ದೀರಿ. ದುಃಖಕ್ಕೆ ಏನಾದರೂ ಒಂದು ಆಕಾರ ಬೇಕು. ಅಪ್ಪ ಹೇಳ್ತಿದ್ದರು, 1990ರ ಸೆಪ್ಟೆಂಬರ್ 30ಕ್ಕೆ ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಶಂಕರ್‌ನಾಗ್ ಕಾರು ಅಪಘಾತ ಆದ ಸುದ್ದಿ ಬಂದಾಗ ನಮ್ಮ ಸ್ಟ್ಯಾಂಡಿನ ಎಲ್ಲ ಆಟೋಗಳೂ ಅವತ್ತು ನಿಂತವಂತೆ. ಯಾರೂ ಹೇಳಿದ್ದಲ್ಲ. ಅವರಿಗೆ ಬರೆಯೋಕೆ ಬರಲ್ಲ, ಹಾಡೋಕೆ ಬರಲ್ಲ. ಆಟೋ ನಿಲ್ಲಿಸೋಕೆ ಬರುತ್ತೆ, ನಿಲ್ಲಿಸಿದರು. ಶಾಪದ ಕತೆ ಕಟ್ಟುವವರೂ ಒಂಥರಾ ಹಾಗೇ. ಅರ್ಥವೇ ಇಲ್ಲದೆ ಒಬ್ಬರು ಹೋದರು ಅನ್ನೋದನ್ನ ತಡ್ಕೊಳೋಕೆ ಆಗದೆ ಕತೆ ಕಟ್ತಾರೆ.

– ನಿಮ್ಮಪ್ಪ ಆಟೋ ನಿಲ್ಲಿಸಿದ್ದಕ್ಕ ಒಂದು ದಿನದ ದುಡಿಮೆ ಹೋಯ್ತು. ಅದು ಮಾನ ಕೊಟ್ಟಂಗ. ಶಾಪದ ವಿಡಿಯೊ ಮಾಡೋನಿಗೆ ಏನು ಹೋಯ್ತು? ಬಂದದ್ದೇ ಬಂತು. ನೀ ಅವರಿಬ್ಬರನ್ನ ಒಂದೇ ಸಾಲಿನಾಗ ಕೂಡಿಸಬ್ಯಾಡ.

– ಸರಿ, ಅದನ್ನ ಒಪ್ತೀನಿ.

– ದುಃಖಕ್ಕ ಆಕಾರ ಬೇಕು ಅಂದಿ, ಅದು ಖರೇ. ನಮ್ಮ ರಾಯಚೂರು ಸೀಮ್ಯಾಗ ಮೊಹರಂ ನೋಡಿದಿಯೇನು? ಮುದಗಲ್ಲಿಗೆ ಬಾ ಒಮ್ಮೆ. ಕರ್ಬಲಾದ ಕಾಳಗ ಆದದ್ದು ಸಾವಿರದ ಮುನ್ನೂರು ವರ್ಷದ ಹಿಂದ, 680ರಾಗ. ಇವತ್ತಿಗೂ ನಮ್ಮ ಹಳ್ಯಾಗ ಕನ್ನಡದಾಗ ರಿವಾಯತ್ ಪದ ಕಟ್ಟಿ ಹಾಡ್ತಾರ. ಹಾಡೋರಾಗ ಹಿಂದೂಗಳೇ ಭಾಳ. ಈ ಮೇಳದವರು ಒಂದು ಪದ ಎತ್ತಿದ್ರ ಆ ಮೇಳದವರು ಅದಕ್ಕ ಜವಾಬು ಕೊಡಬೇಕು. ಹಳೇದು ಹಾಡಿದ್ರ ಮಂದಿ ಮೂಗು ಮುರೀತಾರ, ಹೊಸದು ತಾ ಅಂತಾರ. ಅಳೂದು ಅಂದ್ರ ಅಲ್ಲಿ ಕೆಲಸ. ವರ್ಷಾ ವರ್ಷಾ ಹೊಸದಾಗಿ ಮಾಡಬೇಕು, ಪ್ರಾಸ ತಪ್ಪಬಾರದು, ಹೆಜ್ಜಿ ತಪ್ಪಬಾರದು. ಈ ಹೈದರಾಬಾದಿನಾಗ ಅದೇ ದಿನ ದಬೀರಪುರಾದಿಂದ ಬೀಬಿ ಕಾ ಅಲಂ ಮೆರವಣಿಗಿ ಹೊಂಡ್ತದ, ಉರ್ದುನಾಗ ಮರ್ಸಿಯಾ ಅನ್ನೋ ಶೋಕದ ಪದ ಓದ್ತಾರ. ನಮ್ಮಪ್ಪ ನಿಜಾಮನ ಕಾಲಕ್ಕ ಉರ್ದು ಓದಿದಾವ, ಅವನಿಗೆ ಎರಡೂ ಬರ್ತಿದ್ವು. ಇದು ನಾ ಒಪ್ಪೋ ದುಃಖ.

– ಅರುಂಧತಿ ನಾಗ್ ಮಾಡಿದ್ದೂ ಅದೇ ಅಲ್ಲವಾ? ಶಂಕರ್‌ನಾಗ್ ಹೋದ ಅಪಘಾತದಲ್ಲೇ ಗಾಯಗೊಂಡು, ಮೂವತ್ತೈದು ವರ್ಷದ ಗಂಡನನ್ನ ಕಳ್ಕೊಂಡು, ಆತನ ಕನಸಾಗಿದ್ದ ರಂಗಮಂದಿರಕ್ಕೆ ವರ್ಷಗಟ್ಟಲೆ ಓಡಾಡಿದರು. 2004ರಲ್ಲಿ ರಂಗಶಂಕರ ಬಾಗಿಲು ತೆಗೀತು. ನಾನು ಬೆಂಗಳೂರಲ್ಲಿದ್ದಾಗ ಒಂದು ದಿನ ತಡವಾಗಿ ಹೋದೆ. ಒಳಗೆ ಬಿಡಲಿಲ್ಲ. ಅಲ್ಲಿನ ಶಿಸ್ತೇ ಅದು, ಹೇಳಿದ ಹೊತ್ತಿಗೆ ನಾಟಕ ಶುರು, ಬಾಗಿಲು ಬಂದ್, ಯಾರೇ ಆದರೂ ಅಷ್ಟೇ. ಅವತ್ತು ಕೋ‍ಪ ಬಂದಿತ್ತು.

– ಬರಲಿ. ಸೌಂದರ್ಯ ಹೋದ ವರ್ಷನೇ ರಂಗಶಂಕರ ಆದದ್ದು ನೋಡು. ರಾಜ್‌ಕುಮಾರ್ ಮನಿಯವರದ್ದೂ ಹಂಗೇ ಅನ್ನಬೇಕು. 2006ರ ಏಪ್ರಿಲ್‌ನಾಗ ಅಣ್ಣಾವ್ರು ಹೋದಾಗ ಬೆಂಗಳೂರಿನಾಗ ಅಭಿಮಾನದ ಹೆಸರಿನಾಗ ಬೆಂಕಿ ಹಚ್ಚಿದ್ರು, ಜೀವ ಹೋದವು. ಅದೇ ಹೊತ್ತಿಗೆ ಅವರ ಕಣ್ಣು ದಾನ ಆಗಿದ್ವು. ಪುನೀತ್ ಹೋದಾಗ ಅವರ ಕಣ್ಣಿನಿಂದ ನಾಲ್ಕು ಮಂದಿಗೆ ಬೆಳಕು ಬಂತು. ಆಮ್ಯಾಲ ಅಭಿಮಾನಿಗಳು ಸಾಲು ಹಚ್ಚಿ ನೇತ್ರದಾನಕ್ಕ ಹೆಸರು ಬರೆಸಿದ್ರು. ಹದಿನೈದು ವರ್ಷದಾಗ ಅಭಿಮಾನಿ ಬದಲಾದ. ಹಂಗಂತ ಪೂರಾ ಬದಲಾಗಿಲ್ಲ. 2024ರ ಡಿಸೆಂಬರಿನಾಗ ಇಲ್ಲೇ ಸಂಧ್ಯಾ ಥಿಯೇಟರಿನಾಗ ಕಾಲ್ತುಳಿತ ಆಗಿ ಒಬ್ಬ ತಾಯಿ ಹೋದಳು, ಸಿನಿಮಾ ನೋಡ್ಲಾಕ ಬಂದಾಕಿ.

– ಆ ವಿಷಯ ಬೇಡ. ನಮ್ಮ ಕೋಣೆಯ ಹುಡುಗರು ಅವತ್ತು ಅಲ್ಲಿದ್ದರು.

– ಸರಿ, ಬಿಡು. ‘ದ್ವೀಪ’ದ ಮಾತು ಮುಗೀಲಿಲ್ಲ. ಕಾದಂಬರಿ ಓದಿದಿಯೇನು?

– ಇಲ್ಲ. ಚಿತ್ರ ಎಷ್ಟೋ ಸಲ ನೋಡಿದ್ದೀನಿ, ಪುಸ್ತಕ ಓದಿಲ್ಲ.

– ಸಾಗರದಾವ ಆಗಿ ನಾ. ಡಿಸೋಜ ಅವರನ್ನ ಓದಿಲ್ಲ!

– ಅವರನ್ನ ನೋಡಿದ್ದೀನಿ. ಶಾಲೆಗೆ ಬಂದಿದ್ದರು, ಮಕ್ಕಳ ಕತೆ ಹೇಳಿದ್ದರು. 2025ರ ಜನವರಿಯಲ್ಲಿ ಹೋದರು ಅಂತ ಅಮ್ಮ ಫೋನ್ ಮಾಡಿ ಹೇಳಿದಾಗಲೇ ಅಯ್ಯೋ ಅನಿಸಿದ್ದು. ನಮ್ಮ ಅಜ್ಜಿಯ ತವರು ಮುಳುಗಿದ ಊರು ಅಕ್ಕೋರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗೀತಲ್ಲ, ಆಗ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಜ್ಜಿ ನಮ್ಮನ್ನ ಕರ್ಕೊಂಡು ಹೋಗಿ ಇಲ್ಲಿ ಅಂಗಳ ಇತ್ತು, ಇಲ್ಲಿ ಬಾವಿ ಇತ್ತು ಅಂತ ತೋರಿಸ್ತಿದ್ದಳು. ಅಲ್ಲಿ ಕೆಸರು, ಮರದ ಬೊಡ್ಡೆ ಬಿಟ್ಟು ಏನೂ ಇರ್ತಿರಲಿಲ್ಲ.

– ಡಿಸೋಜ ಅವರು ಎಲ್ಲಿ ನೌಕರಿ ಮಾಡ್ತಿದ್ರು ಗೊತ್ತೇನು? ಲೋಕೋಪಯೋಗಿ ಇಲಾಖೆ. ಶರಾವತಿ ಯೋಜನೆದಾಗೇ. ಅಣೆಕಟ್ಟು ಕಟ್ಟೋ ಸರಕಾರದ ಸಂಬಳ, ಅಣೆಕಟ್ಟಿನಿಂದ ಮುಳುಗಿದವರ ಕತಿ. ಹಗಲೆಲ್ಲ ಕಚೇರಿ ಕಾಗದ, ರಾತ್ರಿ ಇವರದ್ದು. ‘ಮುಳುಗಡೆ’ ಅಂತಲೂ ಒಂದು ಬರೆದ್ರು. ಯಾರ ಮ್ಯಾಲೂ ಕೂಗ್ಯಾಡಲಿಲ್ಲ, ಘೋಷಣೆ ಹಾಕಲಿಲ್ಲ. ಎಷ್ಟು ಎಕರೆ ಹೋಯ್ತು ಅನ್ನೋದು ಇಲಾಖೆ ಕಡತದಾಗ ಇತ್ತು, ಅದರಾಗ ನಾಗಿ ಇರಲಿಲ್ಲ. ನಾಗಿನ್ನ ಅವರು ಬರೆದ್ರು. ಮುಂದ ಕಾಸರವಳ್ಳಿ ತೆರೆಗೆ ತಂದ್ರು, ಸೌಂದರ್ಯ ಮೈಮ್ಯಾಲ ತಗೊಂಡಳು. 2014ರಾಗ ಮಡಿಕೇರಿ ಸಮ್ಮೇಳನದ ಅಧ್ಯಕ್ಷರಾದಾಗ ನಾವು ಇಲ್ಲಿ ಕರ್ನಾಟಕ ಸಾಹಿತ್ಯ ಮಂದಿರದಾಗ ಅವರ ಪುಸ್ತಕದ ಬಗ್ಗೆ ಮಾತಾಡಿದ್ವಿ. ನಾಲ್ಕು ಮಂದಿ ಬಂದಿದ್ರು, ಅದೂ ಚಹಾ ಇತ್ತಂತ.

– ನಾನೂ ಬರೀತಿದ್ದೆ ಅಕ್ಕೋರೆ. ನಿಮಗೆ ಹೇಳಿರಲಿಲ್ಲ. ಅಜ್ಜಿಯ ಆ ಅಂಗಳದ ಬಗ್ಗೆ ಒಂದು ಕತೆ ಶುರು ಮಾಡಿದ್ದೆ. ಅಪ್ಪ ಹೋದಮೇಲೆ ಮುಂದೆ ಹೋಗಲಿಲ್ಲ. ಆಗಲೇ ಡಿಸೋಜ ಅವರು ಬರೆದಾಯ್ತು, ಚಿತ್ರವೂ ಆಯ್ತು. ನಂದೇನು ಬಾಕಿ ಅಂತ.

– ಅವರು ಬರೆದದ್ದು ನೀರು ಏರೋದು. ನಿಮ್ಮಜ್ಜಿ ತೋರಿಸಿದ್ದು ನೀರು ಇಳಿದ ಮ್ಯಾಲಿಂದು. ಎರಡೂ ಒಂದೇ ಹೆಂಗಾಗ್ತವ? ‘ಆಟೋ ರಾಜ’ ನೋಡಿ ನಿಮ್ಮಪ್ಪ ಶಂಕರ್‌ನಾಗ್ ಆಗಲಿಲ್ಲ, ಆಟೋ ಓಡಿಸಿ ನಿನ್ನ ಓದಿಸಿದ. ಅದರ ಬಗ್ಗೆನೂ ಯಾರೂ ಬರೆದಿಲ್ಲ.

– ಈಗಲೂ ಕೂತರೆ ಅಪ್ಪನ ಧ್ವನಿಯೇ ಮೊದಲು ಬರುತ್ತೆ. ಬಾಳೆಗೊನೆ ಕಳಿಸ್ಲಾ ಅಂತ. ಅದನ್ನ ದಾಟಿ ಮುಂದೆ ಹೋಗಲ್ಲ.

– ದಾಟಬ್ಯಾಡ. ಅದನ್ನೇ ಬರಿ. ಯಂತ್ರಕ್ಕ ಕೊಡಲಿಲ್ಲಂದ್ರ ನೀನರ ಏನಾದ್ರೂ ಮಾಡಬೇಕಲ್ಲ ಅದರ ಜೋಡಿ.

– ನೋಡ್ತೀನಿ.

– ನೋಡೋದು ನಿನ್ನ ಕಸಬಿನಾಗ ಭಾಳ ಆಗ್ಯದ. ಆ ಕಪಾಟಿನಾಗ ಮ್ಯಾಲಿಂದ ಎರಡನೇ ಸಾಲಿನಾಗ ‘ದ್ವೀಪ’ ಅದ, ತಗೊಂಡು ಹೋಗು. ಮೊದಲು ಓದು. ಆಮ್ಯಾಲ ನಿನ್ನ ಕತಿ ಮುಗಿಸಿ ನನಗ ತಂದು ತೋರಿಸು. ಕಾಗುಣಿತ ತಪ್ಪಿದ್ರ ವಾಪಸ್ ಕಳಸ್ತೀನಿ.